ನಿಮಗಿದು ಗೊತ್ತೇ? ಹಡಗು ಮಾರಾಟಕ್ಕಿದೆ!

ಷೋರೂಮಿನಲ್ಲಿದ್ದಾಗ ಸಾಹುಕಾರರ ಕಾರು, ಐವತ್ತು ವರ್ಷ ಕಳೆದ ಮೇಲೆ ಚೌಕಾಶಿಯ ಕಾರು. ಅಮೆರಿಕದ ನಾಲ್ಕು ಬಾಗಿಲಿನ ದೊಡ್ಡ ಸೆಡಾನ್‌ಗಳ ಹಣೆಬರಹ ಹೆಚ್ಚೂಕಮ್ಮಿ ಇದೇ. ಒಂದೇ ವರ್ಷದ, ಒಂದೇ ಎಂಜಿನ್ನಿನ ಎರಡು ಕ್ಯಾಡಿಲಾಕ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಟಾಪು ಮಡಚುವ ಕನ್ವರ್ಟಿಬಲ್ ಕಡೆ ಜನ ಮುಗಿಬೀಳುತ್ತಾರೆ, ಸೆಡಾನನ್ನು ಬಾಯಿತುಂಬ ಹೊಗಳಿ ಮುಂದೆ ಹೋಗುತ್ತಾರೆ. ಹಳೇ ಕಾರಿನ ಹುಚ್ಚು ಹತ್ತಿಸಿಕೊಂಡವರು ಅಲ್ಲಿ ಸೆಡಾನಿಗೆ ಇಟ್ಟ ಅಡ್ಡಹೆಸರೇ 'ಮೋರ್ ಡೋರ್'. ಬಾಗಿಲು ಹೆಚ್ಚು, ಗಿರಾಕಿ ಕಡಿಮೆ ಎಂಬ ಕುಹಕ ಅದರಲ್ಲಿದೆ. ಹಾಗಾಗಿ ಜೋಪಾನವಾಗಿಟ್ಟ ಸೆಡಾನನ್ನು ಮಾರಲು ಹೊರಟವರು ಏನೇನು ಹೊಸದು ಹಾಕಿಸಿದ್ದೇವೆ ಎಂದು ಕೊಚ್ಚಿಕೊಳ್ಳುವುದಿಲ್ಲ. ಏನೇನನ್ನು ಮುಟ್ಟಿಯೇ ಇಲ್ಲ ಎಂದು ಹೇಳಿಕೊಳ್ಳುತ್ತಾರೆ.

ಹಾಗೆ ಮುಟ್ಟದೆ ಉಳಿದ ಕಾರಿಗೆ ಅವರ ಭಾಷೆಯಲ್ಲಿ 'ಸರ್ವೈವರ್' ಎಂದು ಹೆಸರು. ಕಾರ್ಖಾನೆಯಲ್ಲಿ ಬಳಿದ ಬಣ್ಣ, ಕಾರ್ಖಾನೆಯಲ್ಲೇ ಹೊಲಿದ ಸೀಟು, ಡಿಕ್ಕಿಯಲ್ಲಿ ಅದರದೇ ಜಾಕು. ಬಿಚ್ಚಿ ಹೊಸದಾಗಿ ಕಟ್ಟಿದ ಕಾರು ಎಷ್ಟೇ ಫಳಫಳಿಸಲಿ, ಈ ಜಾತಿಯ ಗಿರಾಕಿ ಅದರತ್ತ ತಿರುಗಿ ನೋಡುವುದಿಲ್ಲ.

ಕ್ಯಾಡಿಲಾಕ್ ಕಂಪನಿ ಹುಟ್ಟಿದ್ದೇ ಒಂದು ಮಾರಾಟ ಕೈತಪ್ಪಿದ್ದರಿಂದ! 1902ರಲ್ಲಿ ಡೆಟ್ರಾಯಿಟ್‌ನ 'ಹೆನ್ರಿ ಫೋರ್ಡ್ ಕಂಪನಿ'ಯಿಂದ ಫೋರ್ಡ್ ಮುನಿಸಿಕೊಂಡು ಹೊರಟುಹೋದ ಮೇಲೆ ಹಣ ಹಾಕಿದವರು ಬಾಗಿಲು ಮುಚ್ಚಲು ನಿರ್ಧರಿಸಿದರು. ಯಂತ್ರಗಳಿಗೆ ಬೆಲೆ ಕಟ್ಟಿಕೊಡಿ ಎಂದು ಹೆನ್ರಿ ಲೀಲ್ಯಾಂಡ್ ಎಂಬ ನುರಿತ ಯಂತ್ರಕುಶಲಿಯನ್ನು ಕರೆಸಿದರು. ಆತ ಬೆಲೆಯನ್ನೇನೋ ಕಟ್ಟಿದ. ಜೊತೆಗೆ, ಮಾರಬೇಡಿ, ನನ್ನ ಎಂಜಿನ್ ಹಾಕಿ ಕಾರು ಮಾಡಿ ಎಂದೂ ಹೇಳಿದ. 1701ರಲ್ಲಿ ಡೆಟ್ರಾಯಿಟ್ ಊರನ್ನು ಕಟ್ಟಿದ ಫ್ರೆಂಚ್ ಅಧಿಕಾರಿ ಕ್ಯಾಡಿಲಾಕ್‌ನ ಹೆಸರನ್ನು ಕಂಪನಿಗೆ ಇಟ್ಟರು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಲೀಲ್ಯಾಂಡ್ 1917ರಲ್ಲಿ ಇನ್ನೊಂದು ಕಂಪನಿ ತೆರೆದು, ತಾನು 1864ರಲ್ಲಿ ಮೊದಲ ಸಲ ಮತ ಹಾಕಿದ ಅಧ್ಯಕ್ಷನ ನೆನಪಿಗೆ 'ಲಿಂಕನ್' ಎಂದು ಕರೆದ. ಅದು ಸಾಲದಲ್ಲಿ ಮುಳುಗಿತು. 1922ರಲ್ಲಿ 80 ಲಕ್ಷ ಡಾಲರಿಗೆ ಕೊಂಡವನು ಯಾರು? ಹೆನ್ರಿ ಫೋರ್ಡ್! ಇಪ್ಪತ್ತು ವರ್ಷದ ಲೆಕ್ಕ ಚುಕ್ತಾ ಆಯಿತು ಎಂದು ಫೋರ್ಡ್ ಒಳಗೊಳಗೇ ನಕ್ಕಿರಬೇಕು ಎಂಬುದು ನನ್ನ ಗುಮಾನಿ.

ಪ್ಯಾಕಾರ್ಡ್ ಕಂಪನಿಯ ಜಾಹೀರಾತಿನಲ್ಲಿ ಕಾರಿನ ಗುಣಗಾನಕ್ಕಿಂತ ಹೆಸರಾದದ್ದು ಒಂದು ಸಾಲು. ಅದರ ತಾತ್ಪರ್ಯ: ಇಟ್ಟುಕೊಂಡವರನ್ನೇ ಕೇಳಿ. 1958ಕ್ಕೆ ಕಾರೇ ನಿಂತುಹೋಯಿತು.

ನಾವು 'ಹಡಗಿನಂಥ ಕಾರು' ಎನ್ನುತ್ತೇವಲ್ಲ, ಅಮೆರಿಕನ್ನರೂ ಇವುಗಳನ್ನು ನೆಲದ ಮೇಲಿನ ಹಡಗು ಎಂದೇ ಕರೆಯುತ್ತಾರೆ. 1976ರ ಕ್ಯಾಡಿಲಾಕ್ ಫ್ಲೀಟ್‌ವುಡ್ 75 ಉದ್ದ 21 ಅಡಿ. ಎರಡು ಮಾರುತಿ 800 ಕಾರುಗಳನ್ನು ಒಂದರ ಹಿಂದೊಂದು ತಾಗಿಸಿ ನಿಲ್ಲಿಸಿದರೂ ಇದಕ್ಕಿಂತ ಒಂದಡಿಯಷ್ಟೇ ಹೆಚ್ಚು. ಎಂಜಿನ್ 8.2 ಲೀಟರ್, ಅದರೊಳಗೆ ಮಾರುತಿ ಎಂಜಿನ್ ಹತ್ತು ಸಲ ಕೂರುತ್ತದೆ. ಮಾರುವವರಿಗೆ ಇದರಿಂದ ಆಗುವ ತೊಂದರೆ ಒಂದೇ. ಗಿರಾಕಿ ಕಾರನ್ನು ಮೆಚ್ಚಿ, ಮುಂಗಡ ಎಣಿಸುವ ಹೊತ್ತಿಗೆ ಮನೆಯ ಗ್ಯಾರೇಜಿನ ಅಳತೆ ನೆನಪಾಗುತ್ತದೆ.

ಬ್ಯೂಕ್ ಇಲೆಕ್ಟ್ರಾ 225 ಎಂಬ ಹೆಸರಿನಲ್ಲಿರುವ ಸಂಖ್ಯೆ ಎಂಜಿನ್ನಿನದಲ್ಲ, ಕಾರಿನ ಉದ್ದದ ಇಂಚು!

ಹಳೆಯ ಅಮೆರಿಕನ್ ಕಾರಿನ ಓಡೋಮೀಟರಿನಲ್ಲಿ ಮೈಲಿಗೆ ಐದೇ ಮನೆ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಆದ್ದರಿಂದ 23,000 ಮೈಲಿ ತೋರಿಸುವ ಕಾರು ಓಡಿದ್ದು 1,23,000 ಮೈಲಿಯೂ ಇರಬಹುದು. ಮೀಟರ್ ತಿರುಗಿಸುವುದು 1972ರಿಂದ ಅಲ್ಲಿ ಕೇಂದ್ರ ಕಾನೂನಿನ ಪ್ರಕಾರ ನಿಷಿದ್ಧ. ಆದರೆ ಇಷ್ಟು ಹಳೆಯ ಕಾರುಗಳಿಗೆ ಮೈಲಿ ಲಿಖಿತವಾಗಿ ಘೋಷಿಸಬೇಕೆಂಬ ಕಟ್ಟಳೆಯಿಂದ ವಿನಾಯಿತಿ ಇದೆ. ಹಾಗಾದರೆ ನಂಬುವುದು ಹೇಗೆ? ಬಲ್ಲವರು ಮೀಟರ್ ನೋಡುವುದೇ ಇಲ್ಲ, ಬ್ರೇಕ್ ಪೆಡಲಿನ ರಬ್ಬರ್ ನೋಡುತ್ತಾರೆ. ಬಾಗಿಲ ಸಂದಿನಲ್ಲಿ ಅಂಟಿಸಿದ ಆಯಿಲ್ ಬದಲಾವಣೆಯ ಹಳೇ ಚೀಟಿ ಹುಡುಕುತ್ತಾರೆ. ಮೂಲ ಮಾಲೀಕನ ಪೆಟ್ರೋಲ್ ರಸೀದಿಯ ಕಟ್ಟು ಸಿಕ್ಕರಂತೂ ಅದು ಕಾರಿನ ಜಾತಕವೇ.

'ಅಜ್ಜಿ ಭಾನುವಾರ ಚರ್ಚಿಗೆ ಮಾತ್ರ ಓಡಿಸುತ್ತಿದ್ದ ಕಾರು' ಎಂಬುದು ಅಮೆರಿಕದ ಸೆಕೆಂಡ್‌ಹ್ಯಾಂಡ್ ದಲ್ಲಾಳಿಗಳ ಸವಕಲು ಮಾತು. ಆ ಅಜ್ಜಿ ಪ್ಯಾಸಡೀನಾ ಊರಿನವಳು ಎಂಬುದೂ ಮಾಮೂಲು. 1964ರಲ್ಲಿ ಡಾಡ್ಜ್ ಕಂಪನಿ ಈ ಅಜ್ಜಿಯನ್ನು ಶರವೇಗದಲ್ಲಿ ಕಾರು ಬಿಡುವವಳನ್ನಾಗಿಸಿ ಜಾಹೀರಾತು ಮಾಡಿತು. ಅದೇ ವರ್ಷ ಅವಳ ಮೇಲೆ ಜ್ಯಾನ್ ಮತ್ತು ಡೀನ್ ಎಂಬ ಗಾಯಕ ಜೋಡಿಯ ಹಾಡೂ ಬಂತು.

ನೋಡಲು ಬಂದ ಗಿರಾಕಿ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟರೆ ಅದು ಪ್ರೀತಿಯಿಂದಲ್ಲ. ಬೆಚ್ಚಗಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗದ ಎಂಜಿನ್ನನ್ನು ಮೊದಲೇ ಓಡಿಸಿಟ್ಟಿದ್ದಾರೆ ಎಂಬ ಅನುಮಾನ.

ಜೇಬಿನಲ್ಲಿ ಅಯಸ್ಕಾಂತವೂ ಇರುತ್ತದೆ. ತಗಡಿಗೆ ಅಂಟುತ್ತದೆ, ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿಗೆ ಅಂಟುವುದಿಲ್ಲ.

ಶ್ರೀಮಂತಿಕೆಯ ಗುರುತೆಂದು ಚಾವಣಿಗೆ ಹೊದಿಸುತ್ತಿದ್ದ ವಿನೈಲ್ ಬಟ್ಟೆಯೇ ಈಗ ಬೆಲೆ ಇಳಿಸುವ ಶತ್ರು. ಬಟ್ಟೆಯಡಿ ನೀರು ಇಂಗಿದರೆ ತಗಡು ಸದ್ದಿಲ್ಲದೆ ಕರಗುತ್ತದೆ. ಹಿಂದಿನ ಗಾಜಿನ ಅಂಚಿನಲ್ಲಿ ಹಪ್ಪಳದಂತೆ ಗುಳ್ಳೆ ಎದ್ದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ಕಾರಿನ ತಳವೂ ತಿಂದುಹೋಗುತ್ತದೆ. ಅರಿಜೋನಾದ ಒಣ ಹವೆಯಲ್ಲಿ ನಿಂತಿದ್ದ ಕಾರಿಗೆ ಅದಕ್ಕೇ ಮರ್ಯಾದೆ. ಅಲ್ಲಿ ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ಅದು ಬೇರೆ ಮಾತು.

ಅತಿಯಾದ ಜೋಪಾನವೂ ಕಾರನ್ನು ಕೊಲ್ಲುತ್ತದೆ. ಆ ಕಾಲದ ಬಣ್ಣಕ್ಕೆ ಈಗಿನಂತೆ ಮೇಲೊಂದು ಪಾರದರ್ಶಕ ಪದರ ಇರಲಿಲ್ಲ. ಪ್ರತಿ ಪಾಲಿಷ್‌ಗೂ ಬಣ್ಣವೇ ಒಂದಿಷ್ಟು ಸವೆದು ಬಟ್ಟೆಗೆ ಬರುತ್ತಿತ್ತು. ವಾರವಾರ ಉಜ್ಜಿದ ಭಕ್ತರ ಕಾರಿನಲ್ಲಿ ಅಂಚುಗಳಲ್ಲಿ ಪ್ರೈಮರ್ ಇಣುಕುತ್ತದೆ.

1970-80ರ ದಶಕದ ಕ್ಯಾಡಿಲಾಕ್‌ಗಳಲ್ಲಿ ಬಂಪರಿಗೂ ಮೈಗೂ ನಡುವೆ ತುಂಬಿದ್ದ ಮೆತ್ತನೆ ಪ್ಲಾಸ್ಟಿಕ್ ತುಂಡುಗಳು ಮುಟ್ಟಿದರೆ ಬಿಸ್ಕತ್ತಿನಂತೆ ಪುಡಿಯಾಗುತ್ತವೆ. ಗ್ಯಾರೇಜು ಬಿಟ್ಟು ಕದಲದ ಕಾರಿನಲ್ಲೂ ಅಷ್ಟೇ.

ಟೈರಿನ ಹೂವು ನೋಡಿ ಮೋಸಹೋಗಬೇಡಿ. 2000ದಿಂದೀಚೆಗೆ ಟೈರಿನ ಮೇಲೆ ಅಚ್ಚಾದ ಸಂಕೇತದ ಕೊನೆಯ ನಾಲ್ಕಂಕಿ ಅದು ತಯಾರಾದ ವಾರ ಮತ್ತು ವರ್ಷ. 2304 ಎಂದಿದ್ದರೆ 2004ರ 23ನೇ ವಾರ. ಓಡದ ಕಾರಿನ ಟೈರು ಸವೆದಿರುವುದಿಲ್ಲ, ಮುದಿಯಾಗಿರುತ್ತದೆ.

ಕೆಲವು ಲಿಂಕನ್‌ಗಳಲ್ಲಿ ಹೆಡ್‌ಲೈಟಿನ ಮುಚ್ಚಳ ನಡೆಯುವುದು ಎಂಜಿನ್ ಹೀರುವ ಗಾಳಿಯಿಂದ. ಕೊಳವೆ ಎಲ್ಲಾದರೂ ಸೋರಿದರೆ, ನಿಲ್ಲಿಸಿದ ಕಾರು ಗಿರಾಕಿಯ ಕಣ್ಣೆದುರೇ ನಿದ್ದೆಯಿಂದ ಎದ್ದಂತೆ ಮೆಲ್ಲಗೆ ಕಣ್ಣು ಬಿಡುತ್ತದೆ! 1961ರ ಲಿಂಕನ್ ಕಾಂಟಿನೆಂಟಲ್‌ನ ವೈಪರ್ ಇನ್ನೂ ವಿಚಿತ್ರ. ಅದಕ್ಕೆ ವಿದ್ಯುತ್ ಮೋಟಾರಿಲ್ಲ, ಪವರ್ ಸ್ಟೀರಿಂಗಿನ ಎಣ್ಣೆಯ ಒತ್ತಡದಿಂದ ಆಡುತ್ತದೆ. ರಿಪೇರಿ ಬಲ್ಲವರು ಸಿಕ್ಕರೆ ಪುಣ್ಯ.

ಆ ಕಾಂಟಿನೆಂಟಲ್‌ನ ಹಿಂದಿನ ಬಾಗಿಲು ನಮ್ಮ ಬೀರುವಿನ ಜೋಡಿ ಬಾಗಿಲಿನಂತೆ ಎದುರುಬದುರು ತೆರೆಯುತ್ತದೆ. ಕಾರ್ಖಾನೆ ಬಿಡುವ ಮುನ್ನ ಪ್ರತಿಯೊಂದನ್ನೂ 12 ಮೈಲಿ ಓಡಿಸಿ ನೋಡುತ್ತಿದ್ದರು. ಎರಡು ವರ್ಷದ ವಾರಂಟಿ ಕೊಟ್ಟರು. ಅಧ್ಯಕ್ಷ ಕೆನಡಿ ಗುಂಡೇಟಿಗೆ ಬಲಿಯಾದದ್ದು ಇದೇ ಮಾದರಿಯ, ಉದ್ದ ಹೆಚ್ಚಿಸಿದ ತೆರೆದ ಕಾರಿನಲ್ಲಿ. ಫೋರ್ಡ್ ಕಂಪನಿ ಅದನ್ನು ಸರ್ಕಾರಕ್ಕೆ ಮಾರಿಯೇ ಇರಲಿಲ್ಲ, ವರ್ಷಕ್ಕೆ 500 ಡಾಲರಿಗೆ ಬಾಡಿಗೆ ಕೊಟ್ಟಿತ್ತು. ಅಷ್ಟಾದ ಮೇಲೂ ಅದಕ್ಕೆ ಕವಚ ತೊಡಿಸಿ 1977ರವರೆಗೆ ಬಳಸಿದರು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.

ಕಾರಿಗೆ ಮೊದಲು ಏ.ಸಿ. ಕೊಟ್ಟದ್ದು ಪ್ಯಾಕಾರ್ಡ್, 1940ರ ಮಾದರಿಯಲ್ಲಿ, 274 ಡಾಲರಿಗೆ. ಯಂತ್ರ ಅರ್ಧ ಡಿಕ್ಕಿ ನುಂಗುತ್ತಿತ್ತು. ಚಳಿಯಾದರೆ? ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ ಬೆಲ್ಟು ಕಳಚಬೇಕಿತ್ತು!

1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಬೆಲೆ 13,074 ಡಾಲರ್. ಚಾವಣಿ ಸ್ಟೇನ್‌ಲೆಸ್ ಸ್ಟೀಲು. ಜೊತೆಗೆ ಲ್ಯಾನ್ವಿನ್ ಅತ್ತರಿನ ಸೀಸೆ, ಅಯಸ್ಕಾಂತದ ತಳವಿರುವ ಲೋಟಗಳು. ಎರಡು ವರ್ಷದಲ್ಲಿ ತಯಾರಾದದ್ದು 704. ಗಾಳಿ ತುಂಬಿದ ಸಸ್ಪೆನ್ಷನ್ ಸೋರಿ ಸೋರಿ ಬೇಸತ್ತು ಎಷ್ಟೋ ಮಾಲೀಕರು ಮಾಮೂಲಿ ಸ್ಪ್ರಿಂಗ್ ಹಾಕಿಸಿಕೊಂಡರು. ಇಂದು ಮಾರುವಾಗ ಲೋಟಗಳೂ ಇವೆಯೇ ಎಂದು ಕೇಳುತ್ತಾರೆ.

ನೋಡಲು ಅವಳಿಜವಳಿ, ಎದೆಯೇ ಬೇರೆ: 1985ರ ಕ್ಯಾಡಿಲಾಕ್ ಫ್ಲೀಟ್‌ವುಡ್ ಬ್ರೂಮ್‌ನಲ್ಲಿ ಎಚ್‌ಟಿ 4100 ಎಂಬ 4.1 ಲೀಟರ್ ಎಂಜಿನ್. ಅಲ್ಯೂಮಿನಿಯಂ ಮೈ, ಬೀಡುಕಬ್ಬಿಣದ ತಲೆ. ಕಾದಾಗ ಎರಡೂ ಒಂದೇ ಅಳತೆಗೆ ಹಿಗ್ಗದೆ ಸೋರಿಕೆಗೆ ಕುಖ್ಯಾತಿ ಪಡೆಯಿತು. 1986ರದ್ದರಲ್ಲಿ ಓಲ್ಡ್ಸ್‌ಮೊಬಿಲ್‌ನ 5 ಲೀಟರ್ ಎಂಜಿನ್: ನಿಧಾನ, ಆದರೆ ಗಟ್ಟಿ ಪಿಂಡ. ಫೋನೆತ್ತಿದ ಗಿರಾಕಿಯ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಯಾವ ಎಂಜಿನ್ ಎಂಬುದು. 1981ರಲ್ಲಿ ಇನ್ನೊಂದು ಪ್ರಯೋಗವಾಗಿತ್ತು. ಎಂಟು ಸಿಲಿಂಡರು ಬೇಡವಾದಾಗ ಆರಕ್ಕೆ, ನಾಲ್ಕಕ್ಕೆ ತಾನೇ ಇಳಿಯುವ ಎಂಜಿನ್. ಕಂಪ್ಯೂಟರ್ ತಡಬಡಾಯಿಸಿದಾಗ ಮೆಕ್ಯಾನಿಕ್‌ಗಳು ಕಂಡುಕೊಂಡ ಪರಿಹಾರ ಸರಳ: ಒಂದು ವೈರ್ ಕತ್ತರಿಸುವುದು! ಎಂಟೂ ಸಿಲಿಂಡರು ಸದಾ ಓಡಿದವು, ತಕರಾರು ನಿಂತಿತು.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆ ಇಲ್ಲ, 1976ರದ್ದಕ್ಕೆ ಇದೆ. ಒಂದೇ ವರ್ಷದ ಅಂತರ, ಆದರೆ ಮಾರುವವನ ತಲೆನೋವಿನಲ್ಲಿ ಅಜಗಜಾಂತರ.

ಕಾರನ್ನು ಬಂಗಾರದಂತೆ ಕೂಡಿಟ್ಟವರ ಕತೆ ಕೇಳಿ. 1976ರ ಎಲ್ಡೊರಾಡೊ ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದು ಭಾರೀ ಸುದ್ದಿಯಾಯಿತು. 14,000 ಕಾರು ಮಾಡಿದರು, ಕೊನೆಯ 200ನ್ನು ಬೆಳ್ಳಗೆ ಒಂದೇ ರೀತಿ. ಜನ ನಮೂದಿಸಿದ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡರು, ಓಡಿಸದೆ ಮುಸುಕು ಹಾಕಿ ಇಟ್ಟರು. 1984ರಲ್ಲಿ ಕ್ಯಾಡಿಲಾಕ್ ಮತ್ತೆ ಕನ್ವರ್ಟಿಬಲ್ ತಂದೇಬಿಟ್ಟಿತು! ಮೋಸವಾಯಿತೆಂದು ಕೆಲವರು ಕೋರ್ಟ್ ಮೆಟ್ಟಿಲೂ ಹತ್ತಿದರು. ಎಲ್ಲರೂ ಕೂಡಿಟ್ಟದ್ದು ಅಪರೂಪವಾಗುವುದು ಹೇಗೆ?

ಕ್ರೈಸ್ಲರ್‌ನ ಇಂಪೀರಿಯಲ್ ಸೆಡಾನ್‌ಗಳಿಗೆ ಇನ್ನೊಂದು ಬಗೆಯ ಕೀರ್ತಿ. ಕಾರಿಗೆ ಕಾರು ಗುದ್ದಿಸಿ ಕೊನೆಗೆ ಉಳಿದದ್ದೇ ಗೆದ್ದಿತು ಎನ್ನುವ 'ಡೆಮಾಲಿಷನ್ ಡರ್ಬಿ' ಆಟದಲ್ಲಿ 1960ರ ದಶಕದ ಇಂಪೀರಿಯಲ್‌ಗೆ ಅನೇಕ ಕಡೆ ನಿಷೇಧ. ಕಾರಣ, ಅದು ಸಾಯುತ್ತಲೇ ಇರಲಿಲ್ಲ.

1974ರಲ್ಲಿ ಟೆಕ್ಸಸ್‌ನ ಅಮರಿಲೊ ಬಳಿ ಕಲಾವಿದರು ಹತ್ತು ಕ್ಯಾಡಿಲಾಕ್‌ಗಳನ್ನು ಮೂತಿ ಕೆಳಗಾಗಿ ಹೊಲದಲ್ಲಿ ನೆಟ್ಟರು. ಬಾಲದ ರೆಕ್ಕೆಗಳು ಇಂದಿಗೂ ಆಕಾಶ ನೋಡುತ್ತಿವೆ.

1926ರಲ್ಲಿ ಲಾಸ್ ಏಂಜಲಿಸ್‌ನ ವ್ಯಾಪಾರಿ ಲೆಸ್ ಕೆಲ್ಲಿ, ಯಾವ ಹಳೇ ಕಾರಿಗೆ ತಾನೆಷ್ಟು ಕೊಡುವೆ ಎಂಬ ಪಟ್ಟಿ ಅಚ್ಚುಹಾಕಿಸಿದ. 'ಬ್ಲೂ ಬುಕ್' ಎಂಬ ಆ ಪಟ್ಟಿ ಮುಂದೆ ಹಳೇ ಕಾರು ಬಜಾರಿನ ಪಂಚಾಂಗವಾಯಿತು. ಟಾಮ್ ಬ್ಯಾರೆಟ್ ಎಂಬಾತ 1960ರ ದಶಕದಲ್ಲಿ ತನ್ನ 1933ರ ಕ್ಯಾಡಿಲಾಕ್ ಟೌನ್ ಕಾರ್ ಮಾರಾಟಕ್ಕಿಟ್ಟಾಗ ನೋಡಲು ಬಂದವನು ರಸ್ ಜಾಕ್ಸನ್. ಇಬ್ಬರೂ ಗೆಳೆಯರಾದರು, 1971ರಿಂದ ಅರಿಜೋನಾದಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜು ನಡೆಯುತ್ತಿದೆ.

ಮಾಲೀಕನ ಹೆಸರಿಗೂ ಬೆಲೆಯುಂಟು. ಕೋಟ್ಯಧಿಪತಿ ಹೂಡಿಕೆದಾರ ವಾರನ್ ಬಫೆಟ್ ತನ್ನ 2001ರ ಲಿಂಕನ್ ಟೌನ್ ಕಾರನ್ನು 2006ರಲ್ಲಿ ಹೆಣ್ಣುಮಕ್ಕಳ ಸಂಸ್ಥೆಯೊಂದರ ನೆರವಿಗಾಗಿ ಹರಾಜಿಗಿಟ್ಟಾಗ 73,200 ಡಾಲರ್ ಬಂತು. ನಂಬರ್ ಪ್ಲೇಟಿನಲ್ಲಿ ಅಂಕಿಗಳ ಬದಲು ಇದ್ದ ಪದ 'ಥ್ರಿಫ್ಟಿ', ಅಂದರೆ ಜುಗ್ಗನೆನ್ನಿ, ಮಿತವ್ಯಯಿಯೆನ್ನಿ.

ಕ್ಯಾಲಿಫೋರ್ನಿಯಾದಲ್ಲಿ 'ಪಿಂಕ್ ಸ್ಲಿಪ್' ಎಂದರೆ ಕಾರಿನ ಒಡೆತನದ ಪತ್ರ. ಹಿಂದೆ ಆ ಕಾಗದ ಗುಲಾಬಿ ಬಣ್ಣದ್ದಾಗಿತ್ತು. ನಮ್ಮಲ್ಲಿ 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರಿಗೆ ಹೊಸ ವಿಂಟೇಜ್ ನೋಂದಣಿ ಮಾಡಿಸಲು 20,000 ರೂಪಾಯಿ. ನಂಬರಿನಲ್ಲಿ 'ವಿಎ' ಅಕ್ಷರ ಸೇರುತ್ತದೆ, ದಿನನಿತ್ಯ ಓಡಿಸುವಂತಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹಳೇ ಕಾರುಗಳ ಮುಂದೆ ನಿಂತು ಕಣ್ಣರಳಿಸಿದವರು ಕೊಳ್ಳುವ ಯೋಚನೆ ಮಾಡುವ ಮುಂಚೆ ಇದನ್ನು ಓದಿಕೊಳ್ಳಬೇಕು.

ಗಾಯಕ ಎಲ್ವಿಸ್ ಪ್ರೆಸ್ಲಿ ಕಂಡಕಂಡವರಿಗೆ ಕ್ಯಾಡಿಲಾಕ್ ಹಂಚುತ್ತಿದ್ದ. 1955ರ ಫ್ಲೀಟ್‌ವುಡ್ ಸೆಡಾನ್ ಒಂದನ್ನು ಮಾತ್ರ, ನೀಲಿಯಿದ್ದದ್ದಕ್ಕೆ ಗುಲಾಬಿ ಬಣ್ಣ ಹೊಡೆಸಿ, ತಾಯಿ ಗ್ಲಾಡಿಸ್‌ಗೆ ಕೊಟ್ಟ. ಆಕೆಗೆ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ. ನಾಲ್ಕು ಬಾಗಿಲಿನ ಆ ಕಾರು ಮೆಂಫಿಸ್‌ನ ಗ್ರೇಸ್‌ಲ್ಯಾಂಡ್‌ನಲ್ಲಿದೆ. ನೋಡಲು ಟಿಕೆಟ್ ಕೊಳ್ಳಬೇಕು.