ತವರಿಗೆ ಬಂದ ಗಂಧದೆಣ್ಣೆ

ಮೈಸೂರಿನ ಹೆಸರನ್ನು ಹೇಳಿದೊಡನೆ ಶ್ರೀಗಂಧದ ನೆನಪಾಗುವುದು ಸಹಜ. ಈ ನಂಟು ಬಹಳ ಹಳೆಯದು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಅಂದಿನಿಂದ ಮರವು ಯಾರ ಹೊಲದಲ್ಲಿ ಬೆಳೆದರೂ ಅದರ ಒಡೆತನ ಸರ್ಕಾರದ್ದೇ ಆಯಿತು. ಆದರೆ ಗಂಧದೆಣ್ಣೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕಾರ್ಖಾನೆ 1916ಕ್ಕೆ ಮುಂಚೆ ಈ ಸಂಸ್ಥಾನದಲ್ಲಿ ಇರಲಿಲ್ಲವೆಂದರೆ ಇಂದಿನವರಿಗೆ ಆಶ್ಚರ್ಯವಾದೀತು.

ಹಾಗಾದರೆ ನಮ್ಮ ಗಂಧ ಏನಾಗುತ್ತಿತ್ತು? ಸರ್ಕಾರವು ಮರವನ್ನು ಕಡಿಸಿ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವುಗಳ ಬಹುಭಾಗ ಹಡಗನ್ನೇರಿ ಯುರೋಪಿಗೆ, ಅದರಲ್ಲಿಯೂ ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಅಲ್ಲಿತ್ತು. ಕೊರಡನ್ನು ಕೊಟ್ಟ ನಾಡಿಗೆ ಕೊರಡಿನ ಬೆಲೆಯಷ್ಟೇ ದೊರೆಯುತ್ತಿತ್ತು.

1914ರ ಆಗಸ್ಟ್ ತಿಂಗಳಲ್ಲಿ ಮೊದಲನೆಯ ಮಹಾಯುದ್ಧವು ಯುರೋಪನ್ನು ಆವರಿಸಿತು. ಜರ್ಮನಿ ಶತ್ರುರಾಷ್ಟ್ರವಾದುದರಿಂದ ಆ ವ್ಯಾಪಾರ ಒಮ್ಮೆಲೇ ಕಡಿದುಹೋಯಿತು. ಕೊಳ್ಳುವವರಿಲ್ಲದೆ ಗಂಧ ಕೋಠಿಗಳಲ್ಲಿ ಉಳಿಯಿತು. ಸಂಸ್ಥಾನದ ಒಂದು ಮುಖ್ಯ ವರಮಾನಕ್ಕೆ ಪೆಟ್ಟು ಬಿದ್ದಿತು. ಯುದ್ಧ ಮುಗಿಯುವವರೆಗೆ ಕಾದು, ಅನಂತರ ಹಳೆಯ ದಾರಿಯನ್ನೇ ಹಿಡಿಯಬಹುದಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರೂ ಹಾಗೆ ಮಾಡಲಿಲ್ಲ.

ಎಣ್ಣೆಯನ್ನು ಇಲ್ಲಿಯೇ ತೆಗೆಯಬೇಕೆಂಬ ನಿರ್ಧಾರವಾಯಿತು. ನಿರ್ಧರಿಸುವುದು ಸುಲಭ, ನಡೆಸುವುದು ಕಷ್ಟ. ಅದೃಷ್ಟವಶಾತ್, ಕೆಲವೇ ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ತಲೆಯೆತ್ತಿತ್ತು. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಪ್ರಯೋಗಶಾಲೆಯಲ್ಲಿ ಎಣ್ಣೆ ತೆಗೆಯುವ ಕ್ರಮವನ್ನು ಸಿದ್ಧಗೊಳಿಸಿದರು. ಅದರ ಬಲದಿಂದ 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು. ಪ್ರಯೋಗಶಾಲೆಯೊಂದು ಹತ್ತಿರವಿಲ್ಲದಿದ್ದರೆ ಇಷ್ಟು ಬೇಗ ಕೆಲಸ ಆಗುತ್ತಿರಲಿಲ್ಲವೆಂದೇ ಹೇಳಬೇಕು.

ಗಂಧದ ಮರದ ಹೊರಭಾಗಕ್ಕೆ ವಾಸನೆಯಿಲ್ಲ. ಎಣ್ಣೆ ಇರುವುದು ಒಳಗಿನ ಗಟ್ಟಿಯಾದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಆದುದರಿಂದಲೇ ಗಂಧವನ್ನು ಬುಡಸಹಿತ ಕಿತ್ತು ತೆಗೆಯುತ್ತಾರೆ. ಚೇಗನ್ನು ಪುಡಿಮಾಡಿ, ದೊಡ್ಡ ಪಾತ್ರೆಗಳಲ್ಲಿ ತುಂಬಿ, ಅದರ ಮೂಲಕ ಹಬೆಯನ್ನು ಹಾಯಿಸುತ್ತಾರೆ. ಹಬೆಯು ಎಣ್ಣೆಯನ್ನು ತನ್ನೊಡನೆ ಹೊತ್ತು ತರುತ್ತದೆ. ತಣಿಸಿದಾಗ ಹಬೆ ನೀರಾಗಿ, ಎಣ್ಣೆ ಅದರ ಮೇಲೆ ತೇಲುತ್ತದೆ. ಇದು ದಿನಗಟ್ಟಲೆ ನಡೆಯುವ ಕೆಲಸ. 100 ಕಿಲೋಗ್ರಾಂ ಚೇಗಿನಿಂದ ದೊರೆಯುವ ಎಣ್ಣೆ ಸುಮಾರು 4ರಿಂದ 6 ಕಿಲೋಗ್ರಾಂ ಮಾತ್ರ. ಹಿಂದೆ ಉಳಿದ ಭಾರವನ್ನೆಲ್ಲ ಸಮುದ್ರ ದಾಟಿಸುತ್ತಿದ್ದೆವೆಂಬುದು ಇದರಿಂದ ತಿಳಿಯುತ್ತದೆ.

ಒಂದು ಕೈಗಾರಿಕೆ ನೆಲೆಗೊಂಡರೆ ಅದರ ನೆರಳಿನಲ್ಲಿ ಮತ್ತೊಂದು ಹುಟ್ಟುತ್ತದೆ. ಎಣ್ಣೆ ಕೈಯಲ್ಲಿದ್ದಾಗ ಅದನ್ನು ಸೇರಿಸಿ ಸಾಬೂನನ್ನು ಏಕೆ ಮಾಡಬಾರದು ಎಂಬ ಯೋಚನೆ ಮೂಡಿತು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನ ವಿಜ್ಞಾನಿಯನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ತಂತ್ರವನ್ನು ಕಲಿಸಲಾಯಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಜನರ ಕೈಸೇರಿತು. ಆನೆಯ ತಲೆಯೂ ಸಿಂಹದ ಒಡಲೂ ಇರುವ ಶರಭ ಅದರ ಗುರುತು. 1944ರಲ್ಲಿ ಶಿವಮೊಗ್ಗದಲ್ಲಿಯೂ ಎಣ್ಣೆಯ ಕಾರ್ಖಾನೆ ಸ್ಥಾಪನೆಯಾಯಿತು. 1980ರಲ್ಲಿ ಇವೆಲ್ಲವೂ ಒಂದೇ ಸಂಸ್ಥೆಯ ಆಡಳಿತಕ್ಕೆ ಸೇರಿದವು.

ಕಾರ್ಖಾನೆ ತವರಿಗೆ ಬಂದರೂ, ಅದಕ್ಕೆ ಬೇಕಾದ ಮರ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತು. ಕಳ್ಳಸಾಗಣೆ ಒಂದು ಕಾರಣ. ರಾಜವೃಕ್ಷವೆಂಬ ಹಳೆಯ ಕಟ್ಟಳೆಯೂ ಮತ್ತೊಂದು ಕಾರಣವೆನ್ನದೆ ವಿಧಿಯಿಲ್ಲ. ತನ್ನ ಹೊಲದಲ್ಲಿ ಬೆಳೆದ ಮರ ತನ್ನದಲ್ಲವೆಂದ ಮೇಲೆ ಯಾವ ರೈತನು ಅದನ್ನು ನೆಟ್ಟು ಕಾಯುವನು? 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಸ್ವಂತ ಜಮೀನಿನ ಗಂಧದ ಮರಕ್ಕೆ ಬೆಳೆದವನೇ ಒಡೆಯನಾದನು. ಅನಂತರ ಹಲವು ರೈತರು ಗಂಧದ ಸಸಿಗಳನ್ನು ನೆಟ್ಟರು. ಗಂಧದ ಬೇರು ನೆರೆಯ ಗಿಡಗಳ ಬೇರನ್ನು ತಬ್ಬಿ ಅವುಗಳಿಂದ ಆಹಾರವನ್ನು ಪಡೆಯುವುದರಿಂದ, ಪಕ್ಕದಲ್ಲಿ ಬೇರೆ ಗಿಡವನ್ನೂ ನೆಡಬೇಕಾಗುತ್ತದೆ. ಚೇಗು ಬಲಿಯಲು ಹತ್ತಾರು ವರ್ಷಗಳು ಬೇಕು. ಅಲ್ಲಿಯವರೆಗೆ ಕಳ್ಳರಿಂದ ಮರವನ್ನು ಕಾಯುವ ಹೊಣೆ ನೆಟ್ಟವನ ಮೇಲೆಯೇ ಇರುತ್ತದೆ.