ಕೆಲಸ ಇದೆಯಾ? ಯಾರ ಲೆಕ್ಕದಲ್ಲಿ?

ಶಿರಾಳಕೊಪ್ಪದ ಒಬ್ಬ ಸೀನಿಯರ್‌ನ ಸುಮ್ಮನೆ ಊಹಿಸಿಕೊಳ್ಳಿ. ಬಿ.ಇ. ಮುಗೀತು. ಒಂಬತ್ತು ತಿಂಗಳು ಇಂಟರ್‌ವ್ಯೂಗಳಿಗೆ ಅಲೆದ, ಕೆಲಸ ಸಿಗಲಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಬಂದು ಎರಡು ತಿಂಗಳು ಅಪ್ಪನ ಜೊತೆ ತೋಟದಲ್ಲಿ ದುಡಿದ. ಸಂಬಳ ಇಲ್ಲ, ಮನೆ ಊಟ. ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ "ಏನ್ ಮಾಡ್ಕೊಂಡಿದೀಯಪ್ಪಾ?" ಅಂದ್ರೆ, "ಕೆಲಸ ಹುಡುಕ್ತಿದೀನಿ" ಅಂತಾನೆ. ಆದರೆ ಕೇಂದ್ರದ ವಾರ್ಷಿಕ ಲೆಕ್ಕದಲ್ಲಿ ಅವನು ಉದ್ಯೋಗಿ!

ಇದರಲ್ಲಿ ಮೋಸ ಇಲ್ಲ, ಇರೋದು ವ್ಯಾಖ್ಯೆ. 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ವಾರ್ಷಿಕ ದರದಲ್ಲಿ, ವರ್ಷಕ್ಕೆ ಕನಿಷ್ಠ 30 ದಿನ ಕೆಲಸ ಮಾಡಿದವರು ಉದ್ಯೋಗಿಗಳು. ಮನೆಯ ತೋಟ, ಅಂಗಡಿಯಲ್ಲಿ ಸಂಬಳವಿಲ್ಲದೆ ನೆರವಾದರೂ ಅದು ಕೆಲಸವೇ. ಅದೇ ಹುಡುಗ ರಾಜ್ಯದ ಯುವನಿಧಿಗೆ ಅರ್ಜಿ ಹಾಕಿದರೆ ನಿರುದ್ಯೋಗಿ ಆಗಬಹುದು. ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಈ ಯೋಜನೆ ಚಾಲನೆಯಾಗಿದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು. ಒಬ್ಬನೇ ಹುಡುಗ, ಎರಡು ಲೆಕ್ಕ. ಪಕ್ಷಗಳು ತಮಗೆ ಬೇಕಾದ್ದನ್ನ ಎತ್ತಿಕೊಳ್ಳುತ್ತವೆ.

ಇನ್ನೊಂದು ವಿಷಯ ಛೇದದ್ದು. 100 ಜನರಲ್ಲಿ ದುಡಿಯುವವರು, ಕೆಲಸ ಹುಡುಕುವವರು ಸೇರಿ 60 ಅಂದ್ಕೊಳ್ಳಿ. ಅದರಲ್ಲಿ 6 ಜನಕ್ಕೆ ಕೆಲಸ ಇಲ್ಲ, ದರ 10%. ಈಗ 3 ಜನ ಬೇಸತ್ತು ಹುಡುಕೋದನ್ನೇ ಬಿಟ್ಟರು. ಆಗ 57ರಲ್ಲಿ 3, ಸುಮಾರು 5.3%. ಒಂದೂ ಕೆಲಸ ಹುಟ್ಟಲಿಲ್ಲ, ದರ ಮಾತ್ರ ಇಳೀತು.

ಹಾಗಾದರೆ ರಾಜಕೀಯ ಎಲ್ಲಿ ನುಗ್ಗುತ್ತೆ? 2019 ನೋಡಿ. ಮೊದಲ ಪಿಎಲ್‌ಎಫ್‌ಎಸ್ ವರದಿಗೆ ರಾಷ್ಟ್ರೀಯ ಸಾಂಖ್ಯಿಕ ಆಯೋಗ 2018ರ ಡಿಸೆಂಬರ್‌ನಲ್ಲೇ ಒಪ್ಪಿಗೆ ಕೊಟ್ಟಿತ್ತು. ವರದಿ ಹೊರಬರಲಿಲ್ಲ. ಜನವರಿ ಕೊನೆಗೆ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್, ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಬೆನ್ನಲ್ಲೇ ಬಿಸಿನೆಸ್ ಸ್ಟ್ಯಾಂಡರ್ಡ್ ಪತ್ರಿಕೆ ಆ ವರದಿಯ ಅಂಕಿ ಪ್ರಕಟಿಸಿತು: 6.1%, 45 ವರ್ಷಗಳಲ್ಲೇ ಹೆಚ್ಚು. ಅದು ಕರಡು ಅಂತು ಸರ್ಕಾರ. ಚುನಾವಣೆ ಮುಗಿದು, ಪ್ರಮಾಣವಚನದ ಮರುದಿನ, ಮೇ 31ಕ್ಕೆ ಅಧಿಕೃತವಾಗಿ ಬಂದದ್ದೂ ಅದೇ 6.1! ವಿಧಾನ ಹೊಸದು, ಹಳೇ ಸಮೀಕ್ಷೆಗಳ ಜೊತೆ ಹೋಲಿಸಬೇಡಿ ಎಂಬ ಸರ್ಕಾರದ ವಾದದಲ್ಲಿ ಅರ್ಥ ಇತ್ತು. ಆದರೆ ತಡಮಾಡಿದ್ದಕ್ಕೆ ಅದು ಉತ್ತರ ಅಲ್ಲ. ಅಂಕಿ ಬದಲಾಗಲಿಲ್ಲ, ಮತ ಹಾಕೋ ಮೊದಲು ಜನರ ಕೈಗೆ ಸಿಗಲಿಲ್ಲ, ಅಷ್ಟೇ.

ಆಮೇಲೆ ದರ ಇಳಿದಿದೆ. 15 ವರ್ಷ ಮೇಲ್ಪಟ್ಟವರಲ್ಲಿ 2017-18ರ 6.0% ಇದ್ದದ್ದು 2023-24ಕ್ಕೆ 3.2%. ಅದೇ ಅವಧಿಯಲ್ಲಿ ದುಡಿಯುವವರ ಪೈಕಿ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ನೆರವಾಗುವವರ ಪಾಲು 13.6%ರಿಂದ 19.4%ಕ್ಕೆ ಏರಿದೆ. ಎರಡೂ ಒಂದೇ ಸಮೀಕ್ಷೆಯ ಅಂಕಿಗಳು. ಒಂದನ್ನ ಮಾತ್ರ ಹೇಳೋರು ಸುಳ್ಳು ಹೇಳ್ತಿಲ್ಲ, ಅರ್ಧ ಹೇಳ್ತಿದಾರೆ.

ಹಾಗಂತ ಸರ್ಕಾರಿ ಅಂಕಿಯೆಲ್ಲ ಬೋಗಸ್ ಅಂತ ಎಸೆಯೋದು ಸೋಮಾರಿತನ. 6.1ನ್ನು ಎಣಿಸಿದ್ದೂ ಸರ್ಕಾರದ ಸಮೀಕ್ಷೆಯೇ. ನಾವು ಕೇಳಬೇಕಾದ್ದು ಮೂರೇ: ಯಾರನ್ನ ಉದ್ಯೋಗಿ ಅಂದ್ರು? ಛೇದದಲ್ಲಿ ಯಾರಿದಾರೆ? ಯಾವಾಗ ಹೊರಬಿಟ್ರು?

ನಮ್ಮ ಪಕ್ಷದವರು ಹೇಳಿದಾಗಲೂ ಕೇಳೋಣ. ನಾಳೆ ಯಾವುದಾದ್ರೂ ಕಾಲೇಜಿನ ಬ್ರೋಷರಲ್ಲಿ "95% ಪ್ಲೇಸ್‌ಮೆಂಟ್" ಅಂತ ಕಂಡರೆ ಆಗಲೂ ಕೇಳೋಣ: ಇಡೀ ಬ್ಯಾಚಿನಲ್ಲೋ, ಹೆಸರು ನೋಂದಾಯಿಸಿದವರಲ್ಲಿ ಮಾತ್ರವೋ? ಇನ್ನೆರಡು ಸೆಮಿಸ್ಟರ್ ಕಳೆದರೆ ಆ ಲೆಕ್ಕದಲ್ಲಿ ಇರೋರು ನಾವೇ.