ಸಮ್ಮೀಲನ, ಉನ್ಮೀಲನ ಮತ್ತು ಗ್ರಹಣದ ಕನ್ನಡಕ

ಖಗ್ರಾಸ ಸೂರ್ಯಗ್ರಹಣಕ್ಕೆ ಪಂಚಾಂಗಗಳು ಐದು ಕಾಲಗಳನ್ನು ಕೊಡುತ್ತವೆ. ಚಂದ್ರಬಿಂಬದ ಅಂಚು ಸೂರ್ಯಬಿಂಬವನ್ನು ಮೊದಲು ತಾಕುವುದು ಸ್ಪರ್ಶ, ಸೂರ್ಯ ಪೂರ್ತಿ ಮರೆಯಾಗುವ ಗಳಿಗೆ ಸಮ್ಮೀಲನ, ಗ್ರಹಣದ ನಡುಹೊತ್ತು ಮಧ್ಯ, ಸೂರ್ಯನ ಅಂಚು ಮತ್ತೆ ಇಣುಕುವುದು ಉನ್ಮೀಲನ, ಬಿಂಬ ಸಂಪೂರ್ಣ ಬಿಡುಗಡೆಯಾಗುವುದು ಮೋಕ್ಷ. ಸ್ನಾನ, ಜಪ, ತರ್ಪಣಗಳ ಹೊತ್ತು ಗೊತ್ತುಮಾಡಲು ಬಳಕೆಯಾಗುತ್ತ ಬಂದ ಈ ಗಣಿತವೇ ಕಣ್ಣಿನ ರಕ್ಷಣೆಗೂ ಸಾಕು. ಏಕೆಂದರೆ ಸ್ಪರ್ಶದಿಂದ ಮೋಕ್ಷದವರೆಗಿನ ಎರಡು-ಎರಡೂವರೆ ಗಂಟೆಗಳಲ್ಲಿ ಬರಿಗಣ್ಣಿನಿಂದ ಸೂರ್ಯನತ್ತ ನೋಡಬಹುದಾದದ್ದು ಸಮ್ಮೀಲನ-ಉನ್ಮೀಲನಗಳ ನಡುವಿನ ಕೆಲವೇ ನಿಮಿಷಗಳಲ್ಲಿ ಮಾತ್ರ. ಚಂದ್ರನ ಸುತ್ತ ಬೆಳಕಿನ ಬಳೆ ಉಳಿಯುವ ಕಂಕಣ ಗ್ರಹಣದಲ್ಲಿ ಆ ಅವಕಾಶವೂ ಇಲ್ಲ.

ಗ್ರಹಣದ ದಿನ ಸೂರ್ಯನಿಂದ ಯಾವುದೇ ಹೊಸ ಕಿರಣ ಹೊರಡುವುದಿಲ್ಲ. ಅಪಾಯವಿರುವುದು ನೋಡುವ ಆಸೆಯಲ್ಲಿ, ಮತ್ತು ಮಬ್ಬಿನಿಂದ ಮೋಸಹೋಗುವ ಕಣ್ಣಿನಲ್ಲಿ. ಉಳಿದ ದಿನ ಸೂರ್ಯನತ್ತ ತಿರುಗಿದೊಡನೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿಂಬದ ಬಹುಭಾಗ ಮರೆಯಾಗಿ ಸುತ್ತಲೂ ಸಂಜೆಗತ್ತಲು ಕವಿದಾಗ ಆ ಎಚ್ಚರ ಸಡಿಲವಾಗಿ, ಕಣ್ಣಿನ ಪಾಪೆಯೂ ಹಿಗ್ಗುತ್ತದೆ. ಆದರೆ ಉಳಿದ ಗೆರೆಯಷ್ಟು ಸೂರ್ಯನ ಪ್ರಖರತೆ ಕಣ್ಣು ತಾಳುವಷ್ಟು ಕಡಿಮೆಯಾಗಿರುವುದಿಲ್ಲ. ಸೂರ್ಯ ಹುಣ್ಣಿಮೆಯ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನನಾದ್ದರಿಂದ, ನೂರಕ್ಕೆ ಒಂದು ಪಾಲು ಉಳಿದರೂ ಅದು ಹುಣ್ಣಿಮೆಯ 4,000 ಪಟ್ಟು. ಆ ಬೆಳಕು ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯ ಬೆಳಕುಗ್ರಾಹಿ ಪೊರೆಯ, ನಟ್ಟನಡುವಿನ ಜೀವಕೋಶಗಳನ್ನು ಕೆಡಿಸುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲವಾಗಿ ಆ ಹೊತ್ತಿಗೆ ಏನೂ ಗೊತ್ತಾಗದೆ, ಕೆಲವು ಗಂಟೆಗಳ ಬಳಿಕ ಅಥವಾ ಮರುದಿನ ಓದಲು ಕುಳಿತಾಗ ಅಕ್ಷರಗಳ ನಡುವೆ ಕಪ್ಪು ಚುಕ್ಕೆಯೊಂದು ನಿಂತಿರುತ್ತದೆ. ಇದಕ್ಕೆ ಖಚಿತವಾದ ಚಿಕಿತ್ಸೆ ಇಲ್ಲ.

ಗ್ರಹಣದ ಕನ್ನಡಕ ಎಂದು ಮಾರಾಟವಾಗುವ ರಟ್ಟಿನ ಚೌಕಟ್ಟಿನಲ್ಲಿರುವುದು ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆ ಅಥವಾ ಇಂಗಾಲ ಬೆರೆಸಿದ ಕಪ್ಪು ಪಾಲಿಮರ್. ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದರ ಮೂಲಕ ಕಣ್ಣಿಗೆ ಕಾಣುವ ಬೆಳಕಿನ ಲಕ್ಷಕ್ಕೆ ಸುಮಾರು ಮೂರು ಪಾಲಿಗಿಂತ ಹೆಚ್ಚು ದಾಟಬಾರದು. ಈ ಒಂದು ಅಂಕಿ ನೆನಪಿದ್ದರೆ ಮನೆಮದ್ದುಗಳ ಯೋಗ್ಯತೆ ತಾನಾಗಿ ತಿಳಿಯುತ್ತದೆ: ಸಗಣಿ ಕದಡಿದ ತಟ್ಟೆಯ ನೀರು ಕೂಡ ತನ್ನ ಮೇಲ್ಮೈಯಿಂದ ನೂರಕ್ಕೆ ಎರಡು ಪಾಲಿನಷ್ಟಾದರೂ ಬೆಳಕನ್ನು ಕಣ್ಣಿಗೆ ಹಿಂದಿರುಗಿಸುತ್ತದೆ. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆ, ತಂಪು ಕನ್ನಡಕ, ಸಿಡಿ ಇವು ಯಾವುವನ್ನೂ ನಂಬುವಂತಿಲ್ಲ. ವೆಲ್ಡಿಂಗ್ ಗಾಜಿನಲ್ಲಿ 14ನೇ ಸಂಖ್ಯೆಯದು ಆದೀತು. ಒಳ್ಳೆಯ ಕನ್ನಡಕ ಹಾಕಿಕೊಂಡವರಿಗೆ ಸೂರ್ಯನ ಹೊರತು ಮನೆ, ಮರ, ಪಕ್ಕದವರ ಮುಖ ಏನೂ ಕಾಣಬಾರದು. ಹಾಳೆಯಲ್ಲಿ ಗೀರು, ಸೂಜಿಮೊನೆಯಷ್ಟು ತೂತು ಕಂಡರೂ ಕತ್ತರಿಸಿ ಎಸೆಯಬೇಕು. ಈ ಕನ್ನಡಕದೊಂದಿಗೆ ದುರ್ಬೀನು ಬಳಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಮಸೂರ ಒಟ್ಟುಗೂಡಿಸಿದ ಬೆಳಕು ಹಾಳೆಯನ್ನೇ ಸುಟ್ಟು ಒಳಹೊಗುತ್ತದೆ. ದುರ್ಬೀನಿಗೆ ಬೆಳಕು ತಡೆಯುವ ಶೋಧಕವಿರಬೇಕಾದದ್ದು ಆಕಾಶದ ಕಡೆಯ ಬಾಯಿಗೆ.

ಇಡೀ ಶಾಲೆಗೆ ಒಟ್ಟಿಗೆ ತೋರಿಸಲು ಕನ್ನಡಕಕ್ಕಿಂತಲೂ ಒಳ್ಳೆಯ ಸಾಧನ ಒಂದು ಕೈಗನ್ನಡಿ. ಅದರ ಮೇಲೆ ಅರ್ಧ ಅಂಗುಲಕ್ಕಿಂತ ಚಿಕ್ಕ ತೂತು ಕೊರೆದ ಕಪ್ಪು ಕಾಗದ ಅಂಟಿಸಿ, ಅಂಗಳದ ಬಿಸಿಲಿನಲ್ಲಿ ಇಟ್ಟಿಗೆಗೆ ಒರಗಿಸಿ, ಪ್ರತಿಫಲನವನ್ನು ಕತ್ತಲುಮಾಡಿದ ಕೋಣೆಯ ಸುಣ್ಣದ ಗೋಡೆಗೆ ಹಾಯಿಸಿದರೆ ಸೂರ್ಯನ ಬಿಂಬ ಮೂಡುತ್ತದೆ. ಗೋಡೆ ಪ್ರತಿ ಮೀಟರು ದೂರ ಸರಿದಂತೆ ಬಿಂಬ ಸುಮಾರು 9 ಮಿ.ಮೀ. ಹಿಗ್ಗುವುದರಿಂದ 20 ಮೀಟರಿಗೆ ಅದು ಗೇಣಗಲದಷ್ಟಾಗುತ್ತದೆ. ಅಷ್ಟು ದೂರಕ್ಕೆ ತೂತು ಮುಕ್ಕೋನವಾಗಿದ್ದರೂ ಬಿಂಬ ದುಂಡಗೇ ಬೀಳುತ್ತದೆ. ಕನ್ನಡಿಯೊಳಗೆ ಇಣುಕದಂತೆ ಕಾಯಲು ಒಬ್ಬರು ಬೇಕು. ಇಷ್ಟೂ ಬೇಡವೆಂದರೆ ಅಡುಗೆಮನೆಯ ಜರಡಿಯ ತೂತುಗಳಿಂದ ನೆಲಕ್ಕೆ ಬೀಳುವ ಬಿಂಬಗಳೇ ಸಾಕು. ಮರದ ಕೆಳಗೆ ಎಲೆಗಳ ಸಂದಿನಿಂದ ಬೀಳುವ ಬೆಳಕಿನ ಬಿಲ್ಲೆಗಳೂ ಆ ಹೊತ್ತು ಕುಡುಗೋಲಾಗಿರುತ್ತವೆ.

ಸಮ್ಮೀಲನದ ಹೊತ್ತಿಗೆ ಚಂದ್ರನ ಕಣಿವೆಗಳ ನಡುವಿನಿಂದ ನುಸುಳುವ ಬೆಳಕು ಮಣಿಮಣಿಯಾಗಿ ಒಡೆದು, ಕೊನೆಯ ಮಣಿಯೊಂದು ವಜ್ರದುಂಗುರದಂತೆ ಹೊಳೆದು ಆರುತ್ತದೆ. ಕನ್ನಡಕ ತೆಗೆಯಬೇಕಾದದ್ದು ಅದು ಆರಿದ ಮೇಲೆ, ಮೊದಲಲ್ಲ. ಆಗ ಕಾಣುವ ಕಿರೀಟ, ಅಂದರೆ ಸೂರ್ಯನ ಹೊರ ವಾತಾವರಣ, ಹೆಚ್ಚುಕಡಿಮೆ ಹುಣ್ಣಿಮೆಯಷ್ಟೇ ಬೆಳಕಿನದು. ಕನ್ನಡಕದಲ್ಲಿ ಅದು ಕಾಣುವುದೇ ಇಲ್ಲ. ಎದುರಿನ ಅಂಚು ಮಿನುಗುವ ಮೊದಲೇ ಎಚ್ಚರಿಸಲು ಗಡಿಯಾರ ಹಿಡಿದವರೊಬ್ಬರಿದ್ದರೆ ಕ್ಷೇಮ.

1980ರ ಫೆಬ್ರವರಿ 16ರ ಮಧ್ಯಾಹ್ನ ಖಗ್ರಾಸದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ನಾಡನ್ನು ಹೊಕ್ಕು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆ ಶಿಬಿರ ಹೂಡಿ ಕಿರೀಟವನ್ನು ಅಭ್ಯಸಿಸುತ್ತಿದ್ದಾಗ, ಊರೂರುಗಳಲ್ಲಿ ಬೀದಿಗಳು ಬರಿದಾಗಿ ಜನ ಬಾಗಿಲು ಹಾಕಿಕೊಂಡು ಕುಳಿತಿದ್ದರು. ಎರಡು ನಿಮಿಷಕ್ಕೂ ಮಿಕ್ಕ ಆ ದೃಶ್ಯ ಮನೆಬಾಗಿಲಿಗೇ ಬಂದಿತ್ತೆಂಬುದನ್ನು ನೆನೆದರೆ, ಆ ಜಾಗ್ರತೆಗೆ ತೆತ್ತ ಬೆಲೆ ದುಬಾರಿಯೇ. 2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್ ಬಳಿ ಆರು ನಿಮಿಷಕ್ಕೂ ಹೆಚ್ಚಿನ ಖಗ್ರಾಸ ಕಾಣಲಿದೆ. ಭಾರತದ ನೆಲದಲ್ಲಿ ಮುಂದಿನದು 2034ರ ಮಾರ್ಚ್ 20ರಂದು, ಜಮ್ಮು-ಕಾಶ್ಮೀರ, ಲಡಾಖ್ ಭಾಗದಲ್ಲಿ. ಹೊರಡುವವರು ನಕ್ಷೆಯಲ್ಲಿ ಖಗ್ರಾಸದ ಪಟ್ಟಿಯ ನಡುಗೆರೆಯನ್ನು ಗುರುತಿಸಿಕೊಳ್ಳುವುದು ಮೇಲು. ಪಟ್ಟಿಯ ಅಂಚಿಗೆ ಸರಿದಷ್ಟೂ ಕತ್ತಲಿನ ಅವಧಿ ಕುಗ್ಗುತ್ತದೆ, ಅಂಚಿನಾಚೆ ನಿಂತವರು ಕಡೆಯವರೆಗೂ ಕನ್ನಡಕ ತೆಗೆಯುವಂತಿಲ್ಲ.